ನಿಮ್ಮೂರಿನ ಕಾಲುದಾರಿ, ಸಂಕ, ಒಂಟಿಮನೆಗಳನ್ನು ಲೋಕದ ನಕ್ಷೆಗೆ ಏರಿಸುವುದು ಹೇಗೆ

ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ ನಮ್ಮ ಮನೆ. ಹಗಲು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಮತ್ತು ಭಾನುವಾರ ಬಿಡುವಾದಾಗ ನಮ್ಮ ಸುತ್ತಿನ ಊರುಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸುತ್ತೇನೆ. ‘ಅಕ್ಕಾ, ನಮ್ಮೂರಿಗೂ ಹೀಗೆ ಮಾಡೋದು ಹೇಗೆ ಹೇಳ್ಕೊಡಿ’ ಅಂತ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಕೇಳುತ್ತಿರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಅಂದರೆ ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ಲೋಕದ ನಕ್ಷೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬುವರು ಶುರು ಮಾಡಿದ್ದು. ಅಲ್ಲಿ ಸರ್ಕಾರದ ನಕ್ಷೆ ಬಳಸೋಕೆ ದುಡ್ಡು ಕೊಡಬೇಕಿತ್ತು. ಜನರೇ ಜಿಪಿಎಸ್ ಹಿಡಿದು ಬೀದಿ ಬೀದಿ ಸುತ್ತಿ ತಮ್ಮದೇ ನಕ್ಷೆ ಮಾಡಿಕೊಂಡರು. ಈಗ ಅದರಲ್ಲಿ ಖಾತೆ ತೆರೆದವರು ಒಂದು ಕೋಟಿಗೂ ಜಾಸ್ತಿ. ವಿಕಿಪೀಡಿಯದ ಪುಟಗಳಲ್ಲಿ ಕಾಣುವ ನಕ್ಷೆ, ಫೇಸ್‌ಬುಕ್‌ನಲ್ಲಿ ಕಾಣುವ ನಕ್ಷೆ, ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್ಎಂಆ್ಯಂಡ್‌ನಂಥ ಆ್ಯಪ್‌ಗಳಿಗೆ ಮಾಹಿತಿ ಹೋಗುವುದು ಇಲ್ಲಿಂದಲೇ.

ನಮ್ಮಂಥ ಊರಿಗೆ ಇದು ಯಾಕೆ ಬೇಕು? ದೊಡ್ಡ ಕಂಪನಿಗಳ ನಕ್ಷೆಯಲ್ಲಿ ಡಾಂಬರು ರಸ್ತೆ ಇರುತ್ತದೆ, ಹೋಂಸ್ಟೇ ಇರುತ್ತದೆ. ತೋಟದ ಅಂಚಿನ ಕಾಲುದಾರಿ ಇರಲ್ಲ. ಹಳ್ಳದ ಆಚೆಗಿನ ಎರಡು ಮನೆ ಇರಲ್ಲ. ಅವನ್ನು ಸೇರಿಸಿದರೆ ಕಂಪನಿಗೇನು ಲಾಭ ಅಲ್ವಾ? ಆದರೆ ಆ ಎರಡು ಮನೆಗೆ ಆಶಾ ಕಾರ್ಯಕರ್ತೆ ಹೋಗಬೇಕು, ಲೈನ್‌ಮನ್ ಹೋಗಬೇಕು, ಮದುವೆ ಕಾಗದ ಹಿಡಿದು ನೆಂಟರು ಬರಬೇಕು. ಆ ದಾರಿ ಬೆಂಗಳೂರಿನವರಿಗೂ ಗೊತ್ತಿಲ್ಲ, ಅಮೆರಿಕದವರಿಗೂ ಗೊತ್ತಿಲ್ಲ. ಗೊತ್ತಿರುವುದು ನಿಮಗೆ. ಅದನ್ನು ನಕ್ಷೆಗೆ ಹಾಕೋಕೆ ಯಾರ ಅಪ್ಪಣೆಯೂ ಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ ಹಾಕಿದ ದಾರಿಗೂ ಇಂಜಿನಿಯರ್ ಹಾಕಿದ ದಾರಿಗೂ ಅಲ್ಲಿ ಒಂದೇ ಬೆಲೆ.

ಮೊದಲು ಬೇಕಾಗಿದ್ದು

ಆಂಡ್ರಾಯ್ಡ್ ಫೋನ್ ಇದ್ದರೆ ಸಾಕು, ಹೊಸದೇ ಆಗಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ವೆಬ್‌ಸೈಟಿಗೆ ಹೋಗಿ ಇಮೇಲ್ ಕೊಟ್ಟು ಖಾತೆ ಮಾಡಿಕೊಳ್ಳಿ. ನಿಮ್ಮ ನಿಜ ಹೆಸರು ಹಾಕಲೇಬೇಕು ಅಂತಿಲ್ಲ. ಹುಡುಗಿಯರಿಗೆ ನಾನು ಹೇಳುವುದು, ಬೇರೆ ಹೆಸರಿಟ್ಟುಕೊಳ್ಳಿ ಅಂತಲೇ. ನೀವು ಯಾವ ಊರಿನ ಸುತ್ತ ಜಾಸ್ತಿ ತಿದ್ದುತ್ತೀರಿ ಎಂಬುದು ಎಲ್ಲರಿಗೂ ಕಾಣುತ್ತದೆ, ಹಾಗಾಗಿ.

ಆಮೇಲೆ ಎರಡು ಆ್ಯಪ್ ಹಾಕಿಕೊಳ್ಳಿ, ಸ್ಟ್ರೀಟ್‌ಕಂಪ್ಲೀಟ್ ಮತ್ತು ಓಎಸ್ಎಂಆ್ಯಂಡ್. ಎರಡೂ ಸಿಗ್ನಲ್ ಇಲ್ಲದ ಜಾಗದಲ್ಲಿ ಕೆಲಸ ಮಾಡುತ್ತವೆ. ನಮ್ಮ ಕಡೆಯವರಿಗೆ ಇದು ದೊಡ್ಡ ವಿಷಯ. ಸಿಗ್ನಲ್ ಇರುವಲ್ಲಿ ನಿಮ್ಮ ಪ್ರದೇಶದ ನಕ್ಷೆ ಇಳಿಸಿಕೊಂಡು ಹೊರಡಿ. ಕಾಡಲ್ಲಿ, ತೋಟದಲ್ಲಿ ಓಡಾಡಿ ಮಾಹಿತಿ ತುಂಬಿ. ಮನೆಗೆ ಬಂದು ಗುಡ್ಡದ ತುದಿಗೋ ಟವರ್ ಸಿಗುವ ಅಂಗಳಕ್ಕೋ ಹೋದಾಗ ಅಪ್‌ಲೋಡ್ ಮಾಡಿದರಾಯ್ತು.

ಮೊದಲ ವಾರ ಸ್ಟ್ರೀಟ್‌ಕಂಪ್ಲೀಟ್ ಒಂದೇ ಸಾಕು. ಅದು ಸುಮ್ನೆ ಪ್ರಶ್ನೆ ಕೇಳುತ್ತದೆ. ಈ ರಸ್ತೆ ಡಾಂಬರೋ, ಕಾಂಕ್ರೀಟೋ, ಮಣ್ಣೋ? ಈ ಬಸ್‌ಸ್ಟಾಪಿಗೆ ಸೂರು ಇದೆಯಾ? ನೀವು ಅಲ್ಲೇ ನಿಂತು ನೋಡಿ ಉತ್ತರ ಒತ್ತಿದರೆ ಅದು ನಕ್ಷೆಗೆ ಸೇರುತ್ತದೆ. ‘ಮಣ್ಣಿನ ರಸ್ತೆ’ ಎಂಬ ಒಂದು ಉತ್ತರಕ್ಕೆ ಎಷ್ಟು ಬೆಲೆ ಅಂತ ಜುಲೈ ತಿಂಗಳಲ್ಲಿ ನಮ್ಮ ಕಡೆ ಕಾರು ತಂದವರಿಗೆ ಗೊತ್ತು.

ನಡೆದೇ ನೋಡಬೇಕು

ಬಯಲುಸೀಮೆಯವರಿಗೆ ಅರ್ಧ ಕೆಲಸ ಉಪಗ್ರಹ ಚಿತ್ರದಲ್ಲೇ ಮುಗಿಯುತ್ತದೆ. ಊರು ಒಂದು ಕಡೆ, ಕೆರೆ ಒಂದು ಕಡೆ, ಹೊಲದ ನಡುವೆ ಬಂಡಿದಾರಿ, ಎಲ್ಲ ಮೇಲಿಂದ ಚೆನ್ನಾಗಿ ಕಾಣುತ್ತದೆ. ಮಲೆನಾಡಲ್ಲಿ ಹಾಗಾಗಲ್ಲ. ಅಡಿಕೆ ತೋಟದ ಕೆಳಗೆ ಏನಿದೆ ಅಂತ ಮೇಲಿಂದ ಗೊತ್ತಾಗಲ್ಲ. ದಾರಿ ಕಾಡಿಗೆ ಹೊಕ್ಕರೆ ಅಲ್ಲಿಗೆ ಮಾಯ. ಹಾಗಾಗಿ ನಡೆಯಲೇಬೇಕು.

ಓಎಸ್ಎಂಆ್ಯಂಡ್‌ನಲ್ಲಿ ‘ಟ್ರಿಪ್ ರೆಕಾರ್ಡಿಂಗ್’ ಅಂತ ಒಂದು ಸೌಲಭ್ಯ ಇದೆ. ಅದನ್ನು ಹಚ್ಚಿಕೊಂಡು ನಡೆಯಿರಿ. ನೀವು ಹೋದ ದಾರಿ ಗೆರೆಯಾಗಿ ಉಳಿಯುತ್ತದೆ. ಬಯಲಲ್ಲಿ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸಿದರೆ ದಟ್ಟ ಮರದ ಕೆಳಗೆ ಇನ್ನೂ ಜಾಸ್ತಿ ತಪ್ಪುತ್ತದೆ. ಅದಕ್ಕೇ ಅದೇ ದಾರಿಯಲ್ಲಿ ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ ರೆಕಾರ್ಡ್ ಮಾಡಿ. ನಿಜವಾದ ದಾರಿ ಸಾಮಾನ್ಯವಾಗಿ ಎರಡು ಗೆರೆಯ ನಡುವೆ ಎಲ್ಲೋ ಇರುತ್ತದೆ. ಫೋನನ್ನು ಚೀಲದ ತಳಕ್ಕೆ ಹಾಕಬೇಡಿ, ಮೇಲಿನ ಜೇಬಲ್ಲಿಡಿ. ಕವಲು ಬಂದಲ್ಲಿ, ತಡಬೆ (ಬೇಲಿ ದಾಟಲು ಮಾಡಿದ ಮೆಟ್ಟಿಲು) ದಾಟುವಲ್ಲಿ, ಹಳ್ಳ ಸಿಕ್ಕಲ್ಲಿ ಒಂದು ನಿಮಿಷ ನಿಂತು ಗುರುತು ಹಾಕಿ. ಒಂದು ಫೋಟೊ ತೆಗೆದಿಟ್ಟುಕೊಂಡರೆ ಮನೆಗೆ ಬಂದ ಮೇಲೆ ಗೊಂದಲ ಆಗಲ್ಲ.

ಒಬ್ಬರೇ ಹೋಗಬೇಡಿ. ದಾರಿ ಗೊತ್ತಿರುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ನಮ್ಮ ದೊಡ್ಡಪ್ಪನ ಜೊತೆ ಹೋದಾಗ ಪ್ರತಿ ತಿರುವಿಗೂ, ಪ್ರತಿ ಹಳ್ಳಕ್ಕೂ ಒಂದೊಂದು ಹೆಸರು ಹೇಳುತ್ತಾ ಬಂದರು. ಆ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಗೆ ಮುಂಚೆ ಇದ್ದ ಊರುಗಳ ಹೆಸರಂತೂ ಅವರ ಬಾಯಲ್ಲಿ ಮಾತ್ರ ಉಳಿದಿದೆ. ಇವತ್ತೂ ಜನ ಬಳಸುವ ಹೆಸರಾದರೆ ನಕ್ಷೆಗೆ ಹಾಕಿ. ಮುಳುಗಿ ಹೋದ ಊರಿನದಾದರೆ ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಈಗ ನೆಲದ ಮೇಲೆ ಇರುವುದನ್ನು ಮಾತ್ರ ಹಾಕುವುದು ಈ ನಕ್ಷೆಯ ನಿಯಮ.

ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು

ದಾರಿ, ಮನೆ ಬಿಡಿಸೋಕೆ ಕಂಪ್ಯೂಟರ್ ಇದ್ದರೆ ಸುಲಭ. ಮನೆಯಲ್ಲಿ ಇಲ್ಲದಿದ್ದರೆ ಕಾಲೇಜಿನ ಲ್ಯಾಬ್ ಇದೆ, ಪಂಚಾಯಿತಿಯ ಅರಿವು ಕೇಂದ್ರದಲ್ಲೂ ಕಂಪ್ಯೂಟರ್ ಇದೆಯಾ ಕೇಳಿ. ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ‘ಎಡಿಟ್’ ಒತ್ತಿದರೆ ‘ಐಡಿ’ ಎಂಬ ಎಡಿಟರ್ ತೆರೆಯುತ್ತದೆ. ಹಿಂದೆ ಉಪಗ್ರಹ ಚಿತ್ರ, ಮೇಲೆ ಗೆರೆಗಳು. ಫೋನಿನಲ್ಲಿ ರೆಕಾರ್ಡ್ ಆದ ದಾರಿಯ ಫೈಲನ್ನು (ಇದಕ್ಕೆ ಜಿಪಿಎಕ್ಸ್ ಅನ್ನುತ್ತಾರೆ) ಎಳೆದು ಅದರ ಮೇಲೆ ಬಿಟ್ಟರೆ ನೀವು ನಡೆದ ದಾರಿ ಕಾಣುತ್ತದೆ. ಚಿತ್ರ ಒಂದು ಕಡೆ, ಜಿಪಿಎಸ್ ಗೆರೆ ಇನ್ನೊಂದು ಕಡೆ ಸರಿದಂತೆ ಕಂಡರೆ ಗಾಬರಿ ಬೇಡ. ಉಪಗ್ರಹ ಚಿತ್ರಗಳು ಕೆಲವು ಮೀಟರ್ ಸರಿದಿರುವುದು ಮಾಮೂಲಿ. ಹಿನ್ನೆಲೆ ಸರಿಪಡಿಸುವ ಆಯ್ಕೆ ಅಲ್ಲೇ ಇದೆ. ಬಯಲಲ್ಲಿ ನಡೆದ ಗೆರೆಗೆ ಚಿತ್ರವನ್ನು ಹೊಂದಿಸಿಕೊಂಡು ಶುರು ಮಾಡಿ.

ಬಿಂಗ್, ಎಸ್ರಿ ಹೀಗೆ ಬೇರೆ ಬೇರೆ ಚಿತ್ರ ಇರುತ್ತವೆ, ತಿರುಗಿಸಿ ನೋಡಿ. ಒಂದರಲ್ಲಿ ಮೋಡ ಮುಚ್ಚಿದ್ದರೆ ಇನ್ನೊಂದರಲ್ಲಿ ಸ್ಪಷ್ಟ ಇರುತ್ತದೆ. ಹಿನ್ನೀರಿನ ಪಕ್ಕದವರಿಗೆ ಒಂದು ಮಾತು. ಲಿಂಗನಮಕ್ಕಿ ತುಂಬಿದರೆ ನೀರು 1819 ಅಡಿಗೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ ಅಂದರೆ ಮಡೆನೂರಿನ ಹಳೆ ಅಣೆಕಟ್ಟೇ ಮೇಲೆ ಬರುತ್ತದೆ. ಬೇಸಿಗೆಯ ಚಿತ್ರ ನೋಡಿ ‘ಇಲ್ಲಿ ನೆಲ ಇದೆಯಲ್ಲ’ ಅಂತ ದಡವನ್ನು ತಿದ್ದಲು ಹೋಗಬೇಡಿ.

ಈಗ ನಮ್ಮ ಸಂಕದ, ಅಂದರೆ ಹಳ್ಳ ದಾಟಲು ಹಾಕುವ ಪುಟ್ಟ ಸೇತುವೆಯ, ಉದಾಹರಣೆಯಲ್ಲೇ ತೋರಿಸುತ್ತೇನೆ. ನಮ್ಮನೆ ಕೆಳಗಿನ ಹಳ್ಳಕ್ಕೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಡಿಕೆ ಮರ ಹಾಸಿ, ಒಂದು ಬದಿಗೆ ಬಿದಿರು ಕಟ್ಟಿ ಕಾಲುಸಂಕ ಹಾಕುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಗೆ ಅದೇ ದಾರಿ. ಮೊದಲು ಹಳ್ಳವನ್ನು ಬಿಡಿಸಬೇಕು. ‘ಸ್ಟ್ರೀಮ್’ ಅಂತ ಆರಿಸಿ, ನೀರು ಹರಿಯುವ ದಿಕ್ಕಿಗೇ ಗೆರೆ ಎಳೆಯಿರಿ, ಅಂದರೆ ಮೇಲಿನಿಂದ ಕೆಳಕ್ಕೆ. ಬೇಸಿಗೆಯಲ್ಲಿ ಒಣಗುವ ಹಳ್ಳವಾದರೆ ‘ಇಂಟರ್‌ಮಿಟೆಂಟ್’ ಅಂತ ಗುರುತಿಸಿ. ಆಮೇಲೆ ಕಾಲುದಾರಿಯನ್ನು ‘ಪಾತ್’ ಅಂತ ಎಳೆಯಿರಿ. ಹಳ್ಳ ದಾಟುವ ತುಂಡನ್ನು ಎರಡೂ ಬದಿಗೆ ಕತ್ತರಿಸಿ ಬೇರೆ ಮಾಡಿ. ಆ ಪುಟ್ಟ ತುಂಡಿಗೆ ಮಾತ್ರ ‘ಬ್ರಿಡ್ಜ್’ ಅಂತ ಕೊಡಿ, ಲೇಯರ್ 1 (ಅಂದರೆ ಹಳ್ಳಕ್ಕಿಂತ ಮೇಲೆ) ಅಂತ ಹಾಕಿ, ಮೇಲ್ಮೈ ಮರ ಅಂತ ಬರೆಯಿರಿ. ಗಮನಿಸಬೇಕಾಗಿದ್ದು ಇಲ್ಲೇ. ಸಂಕದ ಗೆರೆ ಮತ್ತು ಹಳ್ಳದ ಗೆರೆ ಒಂದರ ಮೇಲೊಂದು ಹಾದು ಹೋಗಬೇಕು, ಅವೆರಡಕ್ಕೂ ಸೇರಿದ ಚುಕ್ಕಿ ಇರಬಾರದು. ಸೇರಿದ ಚುಕ್ಕಿ ಇದ್ದರೆ, ನೀರಿಗೆ ಇಳಿದು ದಾಟುವ ಜಾಗ ಅಂತ ಅರ್ಥ. ಅದನ್ನು ‘ಫೋರ್ಡ್’ ಅನ್ನುತ್ತಾರೆ. ಮಳೆಗಾಲದಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಅಂದರೆ ಜೀವದ ಪ್ರಶ್ನೆ.

ನಾನು ಆ ಸಂಕ ಸೇರಿಸಿದ ಮೇಲೆ ಜರ್ಮನಿಯ ಒಬ್ಬರು ಅದರ ಕೆಳಗೆ ಪ್ರಶ್ನೆ ಬರೆದರು. ಒಂದು ಚಿತ್ರದಲ್ಲಿ ಜನ ನೀರಿನಲ್ಲೇ ದಾಟುವ ಹಾಗೆ ದಾರಿ ಕಾಣುತ್ತಿದೆ, ಇದು ನಿಜಕ್ಕೂ ಸೇತುವೆಯಾ ಅಂತ. ನಾನು ಮಳೆಗಾಲದ ಫೋಟೊ ಕೊಟ್ಟು ವಿವರಿಸಿದೆ. ಹಾಗಾದರೆ ವಿವರಣೆಯ ಜಾಗದಲ್ಲಿ ‘ಪ್ರತಿ ವರ್ಷ ಮಳೆಗಾಲಕ್ಕೆ ಹೊಸದಾಗಿ ಹಾಕುತ್ತಾರೆ, ನಡೆಯುವವರಿಗೆ ಮಾತ್ರ’ ಅಂತ ಬರೆಯಿರಿ, ವಾಹನ ಹೋಗಲ್ಲ ಅಂತಲೂ ಗುರುತಿಸಿ ಅಂದರು. ಅದು ಒಳ್ಳೆಯ ಸಲಹೆ, ಈಗ ಎಲ್ಲ ಸಂಕಕ್ಕೂ ಹಾಗೇ ಮಾಡುತ್ತೇನೆ. ಅವರಿಗೆ ನಿಯಮ ಚೆನ್ನಾಗಿ ಗೊತ್ತು, ನನಗೆ ಹಳ್ಳ ಗೊತ್ತು. ನಿಮಗೂ ಹೀಗೆ ಪ್ರಶ್ನೆ ಬಂದೇ ಬರುತ್ತವೆ. ಹೆದರಬೇಡಿ, ಇಂಗ್ಲಿಷ್ ಸರಿ ಬರಲ್ಲ ಅಂತ ಸುಮ್ಮನಿರಬೇಡಿ. ಕನ್ನಡದಲ್ಲಿ ಬರೆದು ಅನುವಾದ ಮಾಡಿ ಹಾಕಿದರೂ ನಡೆಯುತ್ತದೆ.

ಉಳಿದಿದ್ದು ಬೇಗ ಕಲಿಯಬಹುದು. ಮನೆ ಬಿಡಿಸಿ ‘ಕ್ಯೂ’ ಒತ್ತಿದರೆ ಮೂಲೆಗಳು ಚೌಕವಾಗುತ್ತವೆ. ಎರಡು ರಸ್ತೆ ಕೂಡುವಲ್ಲಿ ಮಾತ್ರ ಚುಕ್ಕಿ ಸೇರಿಸಲೇಬೇಕು. ಇಲ್ಲದಿದ್ದರೆ ಕಣ್ಣಿಗೆ ಕೂಡಿದಂತೆ ಕಂಡರೂ ಆ್ಯಪ್ ಆ ಕಡೆಯಿಂದ ದಾರಿ ತೋರಿಸಲ್ಲ. ಟ್ರ್ಯಾಕ್ಟರ್, ಜೀಪು ಹೋಗುವ ತೋಟದ ದಾರಿಗೆ ‘ಟ್ರ್ಯಾಕ್’, ಊರಿಂದ ಊರಿಗೆ ಹೋಗುವ ಸಣ್ಣ ರಸ್ತೆಗೆ ‘ಅನ್‌ಕ್ಲಾಸಿಫೈಡ್’. ಒಂದೆರಡು ಮನೆ ಇರುವ ಜಾಗಕ್ಕೆ ‘ಐಸೊಲೇಟೆಡ್ ಡ್ವೆಲಿಂಗ್’ ಅಂತಲೇ ಒಂದು ಬಗೆ ಇದೆ. ನಮ್ಮ ಒಂಟಿಮನೆಗಳಿಗೆ ಹೇಳಿ ಮಾಡಿಸಿದ್ದು. ಸೇವ್ ಮಾಡುವಾಗ ಏನು ಮಾಡಿದಿರಿ ಅಂತ ಒಂದು ಸಾಲು ಬರೆಯಲು ಜಾಗ ಕೊಡುತ್ತದೆ. ‘ನಡೆದು ನೋಡಿ ಸೇರಿಸಿದ್ದು’ ಅಂತ ಬರೆದರೆ ನಿಮ್ಮ ಕೆಲಸಕ್ಕೆ ತೂಕ ಬರುತ್ತದೆ.

ಹೆಸರು ಕನ್ನಡದಲ್ಲಿ

ಇದನ್ನು ದಯವಿಟ್ಟು ಬಿಡಬೇಡಿ. ಹೆಸರಿನ ಪಕ್ಕ ಪ್ಲಸ್ ಗುರುತು ಒತ್ತಿದರೆ ಬೇರೆ ಭಾಷೆಯಲ್ಲೂ ಹೆಸರು ಸೇರಿಸಬಹುದು. ಅಲ್ಲಿ ಕನ್ನಡ ಆರಿಸಿ, ಊರಿನ ಹೆಸರನ್ನು ಊರವರು ಹೇಳುವ ಹಾಗೆ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದಿದ್ದನ್ನು ಯಂತ್ರ ಕನ್ನಡಕ್ಕೆ ತಿರುಗಿಸಿದರೆ ಲ ಯಾವುದು ಳ ಯಾವುದು, ಹೊ ಯಾವುದು ಹೋ ಯಾವುದು ಅಂತ ಅದಕ್ಕೆ ತಿಳಿಯಲ್ಲ. ಕನ್ನಡ ಹೆಸರು ಸೇರಿಸಿದ ಮೇಲೆ ಓಎಸ್ಎಂಆ್ಯಂಡ್‌ನಲ್ಲಿ ನಕ್ಷೆಯ ಭಾಷೆ ಕನ್ನಡ ಅಂತ ಇಟ್ಟುಕೊಂಡರೆ ನಿಮ್ಮೂರು ಕನ್ನಡದಲ್ಲಿ ಕಾಣುತ್ತದೆ. ನಮ್ಮಮ್ಮನಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಈಗ ತಾವೇ ಫೋನ್ ಹಿಡಿದು, ಎರಡು ಬೆರಳಲ್ಲಿ ದೊಡ್ಡದು ಮಾಡಿ, ತವರೂರು ಎಲ್ಲಿದೆ ಅಂತ ಹುಡುಕುತ್ತಾರೆ.

ಏನು ಹಾಕಬಾರದು

ಗೂಗಲ್ ಮ್ಯಾಪ್ ನೋಡಿ ನಕಲು ಮಾಡಲೇಬಾರದು. ಅದು ಅವರ ಸ್ವತ್ತು. ಸಿಕ್ಕಿಬಿದ್ದರೆ ನೀವು ಹಾಕಿದ್ದೆಲ್ಲ ತೆಗೆಯುತ್ತಾರೆ. ಸರ್ಕಾರದ ದಿಶಾಂಕ್ ಆ್ಯಪ್‌ನಿಂದ ಸರ್ವೆ ನಂಬರಿನ ಗಡಿ ತೆಗೆದು ಹಾಕುವುದೂ ಬೇಡ. ದೇಶದ ಗಡಿ, ಸೇನೆಯ ಜಾಗದ ಸುದ್ದಿಗೆ ಹೋಗಬೇಡಿ.

ಮನೆಯವರ ಹೆಸರು, ಫೋನ್ ನಂಬರ್ ಹಾಕಬಾರದು. ‘ಮೇಲಿನಮನೆ’, ‘ಹೊಸಮನೆ’ ಅಂತ ಊರಲ್ಲಿ ಕರೆಯುವ ಹೆಸರು ಹಾಕಬಹುದು, ಅದೂ ಮನೆಯವರನ್ನು ಕೇಳಿ. ಶ್ರೀಗಂಧದ ಮರ ಎಲ್ಲಿದೆ ಅಂತ ನಿಮಗೆ ಗೊತ್ತಿದ್ದರೆ ಅದು ನಿಮ್ಮಲ್ಲೇ ಇರಲಿ. ಕಾಡೊಳಗಿನ ವೀರಗಲ್ಲು, ಪಾಳುಬಿದ್ದ ಗುಡಿಗಳ ವಿಷಯದಲ್ಲೂ ಹಾಗೇ. ನಿಧಿ ಹುಡುಕುವವರು ಅಗೆದು ಹಾಕಿದ ಜಾಗಗಳನ್ನು ನಾವು ನೋಡಿದ್ದೇವೆ. ನಾಗಬನ, ಚೌಡಿಕಟ್ಟೆ ಹಾಕುವ ಮುಂಚೆ ನಡೆದುಕೊಳ್ಳುವ ಮನೆಯವರನ್ನು ಕೇಳಿ. ಅವರು ಬೇಡ ಅಂದರೆ ಬೇಡ.

ಇನ್ನೊಂದು ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಫೋನ್ ಹಿಡಿದು ಬೇರೆಯವರ ತೋಟದ ಅಂಚಲ್ಲಿ ನಡೆದರೆ ಜನ ‘ಯಾವ ಸರ್ವೆ ಇದು? ಯಾರು ಕಳಿಸಿದ್ದು?’ ಅಂತ ಕೇಳುತ್ತಾರೆ. ಕೇಳಲೇಬೇಕು. ನಮ್ಮ ಕಡೆ ಮುಳುಗಡೆಯಿಂದ ಎದ್ದು ಬಂದ ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರ ಸಿಕ್ಕಿಲ್ಲ. ಅಳತೆ ಅಂದರೆ ಒಕ್ಕಲೆಬ್ಬಿಸೋಕೆ ಬಂದರು ಅಂತ ಎದೆ ಹೊಡೆದುಕೊಳ್ಳುತ್ತದೆ. ಆ ಭಯಕ್ಕೆ ಕಾರಣ ಇದೆ. ಹಾಗಾಗಿ ಮೊದಲೇ ಮನೆಗೆ ಹೋಗಿ, ಕೂತು, ಫೋನ್ ತೋರಿಸಿ ಹೇಳಿ. ಇದರಲ್ಲಿ ಜಮೀನಿನ ಗಡಿ ಬರಲ್ಲ, ಯಾರ ಹೆಸರೂ ಬರಲ್ಲ, ಕಂದಾಯ ಇಲಾಖೆಗೂ ಇದಕ್ಕೂ ಸಂಬಂಧ ಇಲ್ಲ, ದಾರಿ ಮಾತ್ರ ಬರುತ್ತದೆ ಅಂತ. ಹಾಗೆ ಹೇಳಿದ ಮೇಲೆ ಹೇಳಿದಂತೆಯೇ ನಡೆದುಕೊಳ್ಳಿ. ನಕ್ಷೆಯಲ್ಲಿ ಬೇಲಿಯ ಗೆರೆ ಎಳೆಯಬೇಡಿ, ಒತ್ತುವರಿಯ ತಂಟೆಗೆ ಹೋಗಬೇಡಿ. ಒಬ್ಬರು ನನಗೆ ‘ನಮ್ಮನೆ ದಾರಿ ಹಾಕೋದು ಬೇಡ ಮಗಾ’ ಅಂದರು. ಆ ದಾರಿ ಇವತ್ತಿಗೂ ನಕ್ಷೆಯಲ್ಲಿ ಇಲ್ಲ.

ಕಾನೂನಿನ ಅನುಮಾನ ಇರುವವರಿಗೆ: 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಯ ನಿಯಮಗಳನ್ನು ಸಡಿಲ ಮಾಡಿದೆ. ಭಾರತೀಯರು ನಕ್ಷೆಯ ಮಾಹಿತಿ ಸಂಗ್ರಹಿಸೋಕೆ ಮುಂಚೆ ಅನುಮತಿ ತೆಗೆದುಕೊಳ್ಳುವ ಅಗತ್ಯ ಈಗಿಲ್ಲ. ಸೂಕ್ಷ್ಮ ಜಾಗಗಳ ಮೇಲಿನ ನಿರ್ಬಂಧ ಮಾತ್ರ ಹಾಗೇ ಇದೆ.

ಹಾಕಿದ ಮೇಲೆ ಅದರಿಂದ ಏನು ಮಾಡಬಹುದು

ನಕ್ಷೆಗೆ ಹಾಕಿ ಸುಮ್ಮನೆ ಕೂತರೆ ಸಾಲದು, ಬಳಸಬೇಕು. ‘ಉಮ್ಯಾಪ್’ ಎಂಬ ಉಚಿತ ತಾಣ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಿಮ್ಮದೇ ಗುರುತುಗಳನ್ನಿಟ್ಟು ನಕ್ಷೆ ಮಾಡಬಹುದು. ನಾವು ಮಕ್ಕಳು ಶಾಲೆಗೆ ದಾಟುವ ಸಂಕಗಳಿಗೆಲ್ಲ ಕೆಂಪು ಗುರುತು ಹಾಕಿದೆವು. ಪ್ರತಿಯೊಂದಕ್ಕೂ ಮಳೆಗಾಲದ ಫೋಟೊ, ಆ ದಾರಿಯಲ್ಲಿ ಹೋಗುವ ಮಕ್ಕಳ ಸಂಖ್ಯೆ ಸೇರಿಸಿದೆವು. ಅದನ್ನು ಪ್ರಿಂಟ್ ತೆಗೆದು ಗ್ರಾಮಸಭೆಗೆ ತೆಗೆದುಕೊಂಡು ಹೋದೆವು. ಬಾಯಿಮಾತಲ್ಲಿ ‘ನಮಗೊಂದು ಸೇತುವೆ ಬೇಕು ಸಾರ್’ ಅಂದಾಗ ಸಿಗುವ ಉತ್ತರವೇ ಬೇರೆ, ನಕ್ಷೆ ಮೇಜಿನ ಮೇಲೆ ಹರಡಿ ಇದು ಇಲ್ಲಿ, ಇದು ಇಲ್ಲಿ ಅಂತ ತೋರಿಸಿದಾಗ ಆಗುವ ಮಾತುಕತೆಯೇ ಬೇರೆ. ಯಾವುದು ಮೊದಲು ಆಗಬೇಕು ಅಂತ ಅವತ್ತು ಸಭೆಯಲ್ಲೇ ಹೆಂಗಸರು ಬೆರಳಿಟ್ಟು ಹೇಳಿದರು. ಎಲ್ಲ ಸಂಕಕ್ಕೂ ಸಿಮೆಂಟು ಬಿದ್ದಿಲ್ಲ. ಪಟ್ಟಿ ಮಾತ್ರ ಪಂಚಾಯಿತಿ ಕಡತದಲ್ಲಿದೆ, ನಾವು ವಿಚಾರಿಸುತ್ತಲೇ ಇದ್ದೇವೆ.

ಇದರಲ್ಲಿ ದುಡ್ಡಿಲ್ಲ, ಇದು ಸೇವೆ. ಆದರೆ ಕಲಿತಿದ್ದು ಕೈ ಬಿಡಲ್ಲ. ಇದರಲ್ಲಿ ಕೈ ಕುದುರಿದ ಮೇಲೆ ‘ಕ್ಯೂಜಿಐಎಸ್’ ಎಂಬ ಉಚಿತ ತಂತ್ರಾಂಶ ಕಲಿಯಿರಿ. ನಕ್ಷೆ ಮತ್ತು ಅಂಕಿಅಂಶ ಸೇರಿಸಿ ಕೆಲಸ ಮಾಡುವ ಕಡೆಯಲ್ಲೆಲ್ಲ, ನೀರಾವರಿ, ಅರಣ್ಯ, ಸರ್ವೆ ಎಲ್ಲದರಲ್ಲೂ, ಅದಕ್ಕೆ ಬೇಡಿಕೆ ಇದೆ. ಕೆಲಸಕ್ಕೆ ಅರ್ಜಿ ಹಾಕುವಾಗ ನಿಮ್ಮ ಓಪನ್‌ಸ್ಟ್ರೀಟ್‌ಮ್ಯಾಪ್ ಪುಟವನ್ನೇ ತೋರಿಸಬಹುದು. ನೀವು ಎಲ್ಲಿ, ಯಾವತ್ತು, ಏನು ಮಾಡಿದಿರಿ ಅಂತ ಅಲ್ಲೇ ದಾಖಲಾಗಿರುತ್ತದೆ.

ನಿಮ್ಮೂರು ಒಂದು ಹಂತಕ್ಕೆ ಬಂದ ಮೇಲೆ ಬೇರೆಯವರ ಊರಿಗೂ ಕೈ ಜೋಡಿಸಿ. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪ ಆದಾಗ ರಾಜಧಾನಿ ಪೋರ್ಟ್ ಒ ಪ್ರಿನ್ಸ್‌ನ ಸರಿಯಾದ ನಕ್ಷೆಯೇ ಇರಲಿಲ್ಲ. ಬೇರೆ ಬೇರೆ ದೇಶದ ನೂರಾರು ಜನ ತಮ್ಮ ಮನೆಯಲ್ಲೇ ಕೂತು ಉಪಗ್ರಹ ಚಿತ್ರ ನೋಡಿ ರಸ್ತೆಗಳನ್ನು ಬಿಡಿಸಿದರು. ನೆರವಿಗೆ ಹೋದವರು ಅದನ್ನೇ ಬಳಸಿದರು. 2015ರ ಏಪ್ರಿಲ್‌ನಲ್ಲಿ ನೇಪಾಳದಲ್ಲಿ ಭೂಕಂಪ ಆದಾಗ ಕಠ್ಮಂಡುವಿನ ಯುವಕರು ಮೊದಲೇ ತಮ್ಮ ನಗರದ ನಕ್ಷೆ ಮಾಡಿಟ್ಟಿದ್ದರು, ಹೊರಗಿನಿಂದ ಸಾವಿರಾರು ಜನ ಜೊತೆಗೂಡಿದರು. ಇಂಥ ಕೆಲಸಕ್ಕೆ ‘ಟಾಸ್ಕಿಂಗ್ ಮ್ಯಾನೇಜರ್’ ಎಂಬ ತಾಣ ಇದೆ. ನಕ್ಷೆ ಬೇಕಾದ ಜಾಗವನ್ನು ಚಿಕ್ಕ ಚಿಕ್ಕ ಚೌಕ ಮಾಡಿ ಹಂಚುತ್ತಾರೆ. ಒಂದು ಚೌಕ ತೆಗೆದುಕೊಂಡು, ಕಂಡ ಮನೆಗಳನ್ನು, ರಸ್ತೆಗಳನ್ನು ಬಿಡಿಸಿ ಕೊಟ್ಟರೆ ಇನ್ನೊಬ್ಬರು ಪರೀಕ್ಷಿಸುತ್ತಾರೆ. ಕಾಲೇಜಲ್ಲಿ ಗೆಳೆಯರಿದ್ದರೆ ಯೂತ್‌ಮ್ಯಾಪರ್ಸ್ ಬಗ್ಗೆ ವಿಚಾರಿಸಿ. 2015ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿಯೇ ಶುರುವಾದ ಬಳಗ ಅದು.

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ: ‘ನಾನು ಹಾಕಿದ್ದು ಯಾವಾಗ ಕಾಣುತ್ತೆ?’ ಓಪನ್‌ಸ್ಟ್ರೀಟ್‌ಮ್ಯಾಪ್ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಫೋನಿನ ಆ್ಯಪ್‌ಗಳು ತಮ್ಮ ನಕ್ಷೆಯನ್ನು ಆಗಾಗ ಹೊಸದು ಮಾಡುವುದರಿಂದ ಅಲ್ಲಿಗೆ ಬರಲು ಕೆಲವು ವಾರ ಹಿಡಿಯಬಹುದು. ಓಎಸ್ಎಂಆ್ಯಂಡ್‌ನಲ್ಲಿ ನಕ್ಷೆಯನ್ನು ಮತ್ತೆ ಇಳಿಸಿಕೊಂಡು ನೋಡಿ. ಪ್ರತಿ ವರ್ಷ ಮಳೆ ಶುರುವಾಗುವ ಮುಂಚೆ, ಸಂಕ ಹಾಕಿದ ಮೇಲೆ ಒಂದು ಸಲ ನಿಮ್ಮ ದಾರಿಗಳನ್ನೆಲ್ಲ ತೆರೆದು ನೋಡಿ. ಹೊಸ ಸೇತುವೆ ಆಗಿದ್ದರೆ ಸೇರಿಸಿ, ಕೊಚ್ಚಿ ಹೋಗಿದ್ದರೆ ತೆಗೆಯಿರಿ. ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ನಮ್ಮ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆಯಿತು. ಸೇತುವೆ ಎಷ್ಟೇ ದೊಡ್ಡದಿರಲಿ, ‘ಕಟ್ಟುತ್ತಿರುವ ರಸ್ತೆ’ ಎಂಬುದನ್ನು ‘ಓಡಾಡುವ ರಸ್ತೆ’ ಅಂತ ಯಾರಾದರೂ ಬದಲಿಸುವವರೆಗೆ ಆ್ಯಪ್ ಹಿನ್ನೀರು ದಾಟುವ ಹಳೆ ಲಾಂಚಿನ ದಾರಿಯನ್ನೇ ತೋರಿಸುತ್ತಿರುತ್ತದೆ. ನಿಮ್ಮೂರಲ್ಲಿ ಅಂಥದ್ದೇನಾದರೂ ಬದಲಾಗಿದ್ದರೆ ಮೊದಲ ತಿದ್ದುಪಡಿಗೆ ಅದನ್ನೇ ಆರಿಸಿಕೊಳ್ಳಿ.